ತಾಮ್ರದ ತಕ್ಕಡಿಯಲ್ಲಿ ಸಕ್ಕರೆ

ತಾಮ್ರದ ತಂತಿ ತೂಗುವ ತಕ್ಕಡಿಯ ಮೇಲೆ ನಾನು ಮೊದಲ ಸಲ ಸಕ್ಕರೆ ಇಟ್ಟದ್ದು 2024ರ ನವೆಂಬರ್ 4, ಸೋಮವಾರ. ದೀಪಾವಳಿ ಆಗಷ್ಟೇ ಮುಗಿದಿತ್ತು, ಮನೆಯಲ್ಲಿ ಕರ್ಚಿಕಾಯಿ ಡಬ್ಬಿ ಇನ್ನೂ ಅರ್ಧ ಇತ್ತು. ಹಿಂದಿನ ವಾರ ಅಪ್ಪನ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋದಾಗ ಡಾಕ್ಟರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ನೀವೂ ರಕ್ತ ಕೊಟ್ಟು ಹೋಗ್ರಿ" ಅಂದಿದ್ದರು. ಎಚ್‌ಬಿಎ1ಸಿ 6.1 ಬಂತು. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಆದರೆ ಒಳಗೆ ಕಾಲಿಟ್ಟ ಹಾಗೆ. ನನಗೆ 43 ವರ್ಷ. ಅಪ್ಪ ಈ ವಯಸ್ಸಿನಲ್ಲಿ ದಿನಕ್ಕೆ ಎರಡು ಎಕರೆ ಸುತ್ತಿ ಬರುತ್ತಿದ್ದರು, ಅವರಿಗೇ ಬಿಡಲಿಲ್ಲ. ಸ್ಟೂಲಿನ ಮೇಲೆ ಕೂತು ಕಾಯಿಲ್ ಸುತ್ತುವ ನನ್ನನ್ನು ಬಿಡುತ್ತದೆಯೇ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನದು ಗಂಗಾವತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿನೊಳಗಿನ ತಾಮ್ರದ ಸುರುಳಿ (ಕಾಯಿಲ್) ಕಿತ್ತು ಹೊಸದು ಸುತ್ತುವ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಭತ್ತದ ಸೀಮೆಯಿಂದ ಸುಟ್ಟ ಪಂಪ್‌ಸೆಟ್ಟುಗಳು ಬರುತ್ತವೆ. ಈ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಹಳೆ ಕಾಯಿಲ್ ಕತ್ತರಿಸುವ ಮುಂಚೆ ಎಷ್ಟು ಸುತ್ತು, ಯಾವ ಗೇಜಿನ ತಂತಿ, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ ಎಂದು ಬರೆದಿಟ್ಟುಕೊಳ್ಳಬೇಕು. ಬರೆಯದೆ ಕಿತ್ತು ಎಸೆದವನು ಆಮೇಲೆ ಅಂದಾಜಿನಲ್ಲಿ ಸುತ್ತುತ್ತಾನೆ, ಆ ಮೋಟಾರ್ ಹದಿನೈದು ದಿನದಲ್ಲಿ ವಾಪಸ್ ಬರುತ್ತದೆ. ಸಿಹಿ ಬಿಡುವ ವಿಷಯದಲ್ಲಿ ನಾನು ಎರಡು ಸಲ ಹೀಗೇ ಕಿತ್ತು ಎಸೆದಿದ್ದೆ.

ಮೊದಲ ಸಲ ಹೊಸ ವರ್ಷಕ್ಕೆ ಪೂರ್ತಿ ಬಿಟ್ಟೆ. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಕಾರಟಗಿಯಲ್ಲಿ ಮದುವೆ. ಏಳು ಜಿಲೇಬಿ ತಿಂದೆ, ಮರುದಿನದಿಂದ ಎಲ್ಲ ಹಳೇ ಹಾದಿಗೆ ಬಿತ್ತು. ಎರಡನೇ ಸಲ ಸಕ್ಕರೆ ಬಿಟ್ಟು ಬೆಲ್ಲಕ್ಕೆ ಹೋದೆ. ಬೆಲ್ಲ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರಲ್ಲ, ಧೈರ್ಯವಾಗಿ ನಾಲ್ಕು ತಿಂಗಳು ಬೆಲ್ಲದ ಚಾ ಕುಡಿದೆ, ಎರಡು ಕಿಲೋ ಏರಿದೆ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಖನಿಜ ಇರಬಹುದು, ಆದರೆ ತೂಕದ ಬಹುಪಾಲು ಸಕ್ಕರೆಯೇ. ಗ್ರಾಂ ಲೆಕ್ಕದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ.

ಮೂರನೇ ಸಲ ಹೇಗೆ ಮಾಡಬೇಕು ಎಂದು ಯೋಚಿಸುವಾಗ ನನಗೆ ಹೊಳೆದದ್ದು ನಮ್ಮ ತುಂಗಭದ್ರಾ ಡ್ಯಾಮು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿ ಹೋಯಿತು. ಈ ಭಾಗದ ರೈತರು ಆ ವಾರ ಹೇಗೆ ಕಳೆದರು ಎಂದು ನಾನು ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಕಡೆಗೆ ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ತಡೆದರು. ಒಂದೇ ದೊಡ್ಡ ಬಾಗಿಲನ್ನು ಆ ರಭಸಕ್ಕೆ ಅಡ್ಡ ಇಡಲು ಹೋಗಲಿಲ್ಲ. ನನ್ನ ಒಂಬತ್ತು ದಿನದ ಉಪವಾಸ ಆ ಒಂದೇ ಬಾಗಿಲಾಗಿತ್ತು.

ಮೊದಲ ವಾರ: ಅಳತೆ ಮಾತ್ರ

ಆ ಸೋಮವಾರ ಬೆಳಗಿನ ರೀಡಿಂಗ್: ಎತ್ತರ 168 ಸೆಂಟಿಮೀಟರ್, ತೂಕ 86.4 ಕಿಲೋ, ಹೊಕ್ಕುಳ ಮಟ್ಟದಲ್ಲಿ ಸೊಂಟ 104 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90 ದಾಟಬಾರದು. ಒಂದು ವಾರ ಏನೂ ಬಿಡಬಾರದು, ಬರೆಯುವುದಷ್ಟೇ ಎಂದು ಕಟ್ಟುಪಾಡು ಮಾಡಿಕೊಂಡೆ.

ತಾಮ್ರದ ತಕ್ಕಡಿ ಮೊದಲ ದಿನವೇ ಕೈಕೊಟ್ಟಿತು. ಅದು 5 ಗ್ರಾಂಗಿಂತ ಕೆಳಗೆ ಕದಲುವುದಿಲ್ಲ, ಒಂದು ಚಮಚ ಇಟ್ಟರೆ ಒಮ್ಮೆ 0, ಒಮ್ಮೆ 5 ತೋರಿಸುತ್ತದೆ. ಒಂದೊಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ತಂದೆ. ಜತೆಗೆ ಮಕ್ಕಳ ಔಷಧಿ ಬಾಟಲಿಯ ಮುಚ್ಚಳ ತೊಳೆದಿಟ್ಟುಕೊಂಡೆ. ಅದರ 5 ಎಂಎಲ್ ಗೆರೆಗೆ ಸಕ್ಕರೆ ತುಂಬಿದರೆ 4 ಗ್ರಾಂ ಮೇಲೆ ಚೂರು ತೂಗುತ್ತದೆ. ನಮ್ಮ ಮನೆ ಚಮಚವನ್ನು ಗೋಪುರ ಮಾಡಿ ತುಂಬುವ ರೂಢಿ, ಅದಕ್ಕೆ ಒಮ್ಮೆ 5, ಒಮ್ಮೆ 8. ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಚಮಚವನ್ನು ನಂಬಬೇಡಿ, ಮುಚ್ಚಳ ಸಾಕು.

ಕಷ್ಟವಾದದ್ದು ಚಾದಂಗಡಿಯ ಲೆಕ್ಕ. ನಮ್ಮ ಕಡೆ ಸಕ್ಕರೆ ಕುದಿಯುವ ಪಾತ್ರೆಯಲ್ಲೇ ಬಿದ್ದಿರುತ್ತದೆ, ಗ್ಲಾಸಿಗೆ ಬೇರೆ ಹಾಕುವುದಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ತಕ್ಕಡಿ ಹಿಡಿದು ಹೋದೆ.

"ಅಣ್ಣಾ, ಒಂದು ಪಾತ್ರಿಗೆ ಎಷ್ಟು ಸಕ್ರಿ ಹಾಕ್ತಿ?"

"ಕೈ ಅಳತಿ ತಮ್ಮಾ. ಇಪ್ಪತ್ತು ವರ್ಷದ ಕೈ. ತಪ್ಪೂದಿಲ್ಲ."

ತಪ್ಪಲಿಲ್ಲ ಕೂಡ. ಅವನು ಸುರಿಯುವ ಮಗ್ಗನ್ನು ಎರಡು ಸಲ ತೂಗಿದೆವು, ಎರಡು ಸಲವೂ 380ರ ಆಸುಪಾಸು. ಆ ಪಾತ್ರೆಯಿಂದ ಇಳಿದದ್ದು 41 ಗ್ಲಾಸು. ಅಂದರೆ ಗ್ಲಾಸಿಗೆ 9 ಗ್ರಾಂ. ಗ್ಲಾಸಿನಲ್ಲಿ ಚಾ ಇರುವುದೇ 80 ಎಂಎಲ್. ತಂಪುಪಾನೀಯದ ಬಾಟಲಿ ತಿರುಗಿಸಿ ನೋಡಿ, 100 ಎಂಎಲ್‌ಗೆ 10-11 ಗ್ರಾಂ ಸಕ್ಕರೆ ಎಂದು ಬರೆದಿರುತ್ತದೆ. ನಮ್ಮ ಚಾ ಅಷ್ಟೇ ಗಟ್ಟಿ ಸಿಹಿ! ಮಗಳಿಗೆ ಆ ಬಾಟಲಿ ಮುಟ್ಟಬೇಡ ಎನ್ನುತ್ತ ನಾನು ದಿನವಿಡೀ ಅದನ್ನೇ ಬಿಸಿ ಮಾಡಿ ಕುಡಿಯುತ್ತಿದ್ದೆ.

ವಾರದ ಕೊನೆಗೆ ಪುಸ್ತಕದಲ್ಲಿ ಬಂದ ಒಂದು ದಿನದ ಲೆಕ್ಕ: ಅಂಗಡಿಯಲ್ಲಿ ಏಳು ಚಾ, 63 ಗ್ರಾಂ. ಮನೆಯಲ್ಲಿ ಎರಡು, 20. ಆರು ಗ್ಲೂಕೋಸ್ ಬಿಸ್ಕತ್ತು, 8 (ಪೊಟ್ಟಣದ ಹಿಂದೆ 100 ಗ್ರಾಂಗೆ ಎಷ್ಟು ಎಂದು ಅಚ್ಚಾಗಿರುತ್ತದೆ, ಕಾಲು ಭಾಗಕ್ಕಿಂತ ಮೇಲಿತ್ತು). ರಾತ್ರಿ ಊಟದ ಮೇಲೆ ಬಾಯಿಗೆ ಹಾಕುವ ಬೆಲ್ಲದ ತುಂಡು, 22. ಒಟ್ಟು 113 ಗ್ರಾಂ. ಗ್ರಾಂಗೆ 4 ಕ್ಯಾಲೊರಿಯಂತೆ ಸುಮಾರು 450. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಇಂಥ ಸಕ್ಕರೆ ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ದಾಟಬಾರದು, ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದರೆ ಇನ್ನೂ ಒಳ್ಳೆಯದು ಎಂದು. 2000 ಕ್ಯಾಲೊರಿ ತಿನ್ನುವವನಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಹಾಲಿನೊಳಗಿನ ಸಕ್ಕರೆ, ಇಡೀ ಹಣ್ಣಿನೊಳಗಿನ ಸಕ್ಕರೆ ಈ ಲೆಕ್ಕಕ್ಕಿಲ್ಲ. ಜೇನುತುಪ್ಪ, ಹಣ್ಣಿನ ರಸ ಲೆಕ್ಕಕ್ಕಿವೆ.

ನನ್ನ ಮಟ್ಟಿಗೆ ಗುರಿ 30 ಗ್ರಾಂ ಎಂದು ಬರೆದುಕೊಂಡೆ. ಸೊನ್ನೆ ಬರೆಯಲಿಲ್ಲ.

ಚಾ: ಮುಕ್ಕಾಲು ಕೆಲಸ ಇಲ್ಲೇ

113ರಲ್ಲಿ 83 ಚಾದಿಂದ. ಹೋಳಿಗೆ, ಜಿಲೇಬಿ, ಕರ್ಚಿಕಾಯಿ ಎಂದು ನಾನು ಹೆದರುತ್ತಿದ್ದದ್ದು ದಿನನಿತ್ಯದ ಲೆಕ್ಕದಲ್ಲಿ ಇರಲೇ ಇಲ್ಲ. ಹಾಗಾಗಿ ಮೊದಲ ತುಂಡು ಇಳಿಸಬೇಕಾದ ಜಾಗ ಯಾವುದು ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಆದರೆ ನಮ್ಮ ಅಂಗಡಿಯ ಚಾ ನನ್ನೊಬ್ಬನ ಚಾ ಅಲ್ಲ. ಸುಟ್ಟ ಮೋಟಾರ್ ಹೊತ್ತು ತಂದ ರೈತ ಬೆವರು ಒರೆಸಿಕೊಂಡು ಮೊದಲು ಹೇಳುವ ಮಾತು, "ಎರಡು ಚಾ ಹೇಳ್ರಿ." ಆಮೇಲೆ ಮೋಟಾರಿನ ಮಾತು. ಅವರ ಗದ್ದೆ ಒಣಗುತ್ತಿರುತ್ತದೆ, ಎಷ್ಟಾಗುತ್ತದೋ ಎಂಬ ಭಯ ಇರುತ್ತದೆ, ಗ್ಲಾಸು ಹಿಡಿದು ಕೂತರೆ ಎದೆ ಹಗುರಾಗುತ್ತದೆ. "ನನಗ ಬ್ಯಾಡ್ರೀ" ಅಂದ ದಿನ ಒಬ್ಬ ಹಿರಿಯರು ತಮ್ಮ ಗ್ಲಾಸನ್ನೂ ಕೆಳಗಿಟ್ಟರು. ಅದು ನನ್ನ ಮನಸ್ಸಿಗೆ ಬಹಳ ನಾಟಿತು. ಅವರ ಜತೆ ಕುಡಿಯುವುದನ್ನು ಬಿಟ್ಟು ತೂಕ ಇಳಿಸುವ ದಾರಿ ನನಗೆ ಬೇಡ.

ಮಾಡಿದ್ದು ಇಷ್ಟು. ಅರ್ಧ ಲೀಟರಿನ ಸ್ಟೀಲ್ ಫ್ಲಾಸ್ಕ್ ತಂದು ಚಾದಂಗಡಿಗೆ ಕೊಟ್ಟೆ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಸಕ್ಕರೆ ಬೀಳುವ ಮುಂಚೆ ಚಾ ತೆಗೆದು ಫ್ಲಾಸ್ಕ್ ತುಂಬಬೇಕು. ಅವನ ಪದ್ಧತಿಯಲ್ಲಿ ಸಕ್ಕರೆ ನೀರಿನ ಜತೆಗೇ ಬೀಳುತ್ತಿತ್ತು. ನನ್ನೊಬ್ಬನಿಗಾಗಿ ಬೇರೆ ಪಾತ್ರೆ ಇಟ್ಟರೆ ಗ್ಯಾಸು ದಂಡ ಎಂದ, ನ್ಯಾಯವೇ. ಕಡೆಗೆ ಆ ಎರಡು ಹೊತ್ತು ಮಾತ್ರ ಹಾಲು ಉಕ್ಕಿದ ಮೇಲೆ ಸಕ್ಕರೆ ಹಾಕುತ್ತೇನೆ ಎಂದು ಒಪ್ಪಿದ. ದಿನಕ್ಕೆ ಏಳು ಗ್ಲಾಸಿನ ದುಡ್ಡು ಮೊದಲಿನಂತೆಯೇ ಕೊಡುತ್ತೇನೆ. ರೈತರು ಎರಡು ಚಾ ಹೇಳಿದಾಗ ನಮ್ಮ ಹುಡುಗ ಒಂದು ಹೊರಗಿನಿಂದ ತರುತ್ತಾನೆ, ಇನ್ನೊಂದು ಫ್ಲಾಸ್ಕಿನಿಂದ ಬಗ್ಗಿಸುತ್ತಾನೆ. ಇಬ್ಬರ ಕೈಯಲ್ಲೂ ಗ್ಲಾಸು ಇರುತ್ತದೆ.

ಫ್ಲಾಸ್ಕಿನ ಚಾಕ್ಕೆ ಮುಚ್ಚಳದಲ್ಲಿ ಅಳೆದ ಸಕ್ಕರೆ. ಮೊದಲ ಹತ್ತು ದಿನ ಗ್ಲಾಸಿಗೆ 6 ಗ್ರಾಂ. ಗೊತ್ತೇ ಆಗಲಿಲ್ಲ. ಮುಂದಿನ ಹತ್ತು ದಿನ 4. ಇಲ್ಲಿ ನಿಜವಾಗಿ ತ್ರಾಸಾಯಿತು, ಬಾಯಿ ಚಪ್ಪೆ, ಸಂಜೆ ಸಣ್ಣ ತಲೆನೋವು, ಹುಡುಗನ ಮೇಲೆ ಸುಮ್ಮನೆ ರೇಗಿದೆ. ಶುಂಠಿ, ಏಲಕ್ಕಿ ಜಜ್ಜಿ ಫ್ಲಾಸ್ಕಿಗೆ ಹಾಕಿದ್ದು ಕೈ ಹಿಡಿಯಿತು. ಏಲಕ್ಕಿಗೆ ಸ್ವತಃ ಸಿಹಿ ಇಲ್ಲ, ಆದರೆ ನಾವು ಹುಟ್ಟಿದಾಗಿನಿಂದ ಅದರ ವಾಸನೆಯನ್ನು ಪಾಯಸದ ಜತೆ ಕಲಿತಿದ್ದೇವೆ, ನಾಲಿಗೆ ಅರ್ಧ ನಂಬುತ್ತದೆ. 4ರಲ್ಲಿ ಹತ್ತರ ಬದಲು ಇಪ್ಪತ್ತು ದಿನ ನಿಂತೆ. ಆಮೇಲೆ 2. ಅಲ್ಲಿಂದ ಕೆಳಗೆ ಇಳಿದಿಲ್ಲ, ಇಳಿಯುವ ಆಸೆಯೂ ಇಲ್ಲ.

ಮನೆಯ ಎರಡು ಚಾವನ್ನೂ ಇದೇ ಮೆಟ್ಟಿಲಲ್ಲಿ ಇಳಿಸಿದೆವು. ಜನವರಿ ಕೊನೆಯಲ್ಲಿ ಒಂದು ದಿನ ಹುಡುಗ ಗ್ಲಾಸು ಅದಲುಬದಲು ಮಾಡಿ ನನಗೆ ಹೊರಗಿನ ಚಾ ಕೊಟ್ಟ. ಒಂದು ಗುಟುಕಿಗೆ ಪಾಕ ಕುಡಿದಂತಾಗಿ ಗ್ಲಾಸು ಇಟ್ಟುಬಿಟ್ಟೆ. ಅದೇ ಅಂಗಡಿ, ಅದೇ ಕೈ, ಅದೇ 9 ಗ್ರಾಂ. ಬದಲಾಗಿದ್ದು ನನ್ನ ನಾಲಿಗೆ. ಅವತ್ತು ನನಗಾದ ಸಂತೋಷ ದೊಡ್ಡದು.

ನಡುವೆ ಸಿಹಿ ಮಾತ್ರೆಯನ್ನೂ ನೋಡಿದೆ. ತಂದದ್ದು ಆಸ್ಪರ್ಟೇಮ್ ಇದ್ದದ್ದು, ಕುದಿಯುವ ಚಾಕ್ಕೆ ಹಾಕಿ ಇನ್ನಷ್ಟು ಕುದಿಸಿದೆ. ಅದು ಶಾಖಕ್ಕೆ ಸಿಹಿ ಕಳೆದುಕೊಳ್ಳುತ್ತದೆ, ಇಳಿಸಿದ ಮೇಲೆ ಹಾಕಬೇಕು. ಆಮೇಲೆ ಬಿಟ್ಟೆ. ತೂಕ ಇಳಿಸಲೆಂದು ಇವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ನನಗೂ ಬೇಕಾಗಿದ್ದು ನಾಲಿಗೆಯ ರೂಢಿ ತಗ್ಗಿಸುವುದು, ರೂಢಿ ಹಾಗೇ ಉಳಿಸಿಕೊಂಡು ಬೇರೆ ಸಿಹಿ ಹುಡುಕುವುದಲ್ಲ.

ಏಳು ಡಬ್ಬಿ

ಚಾ ಒಂದನ್ನೇ ಹಿಡಿದು ಕೂತರೆ ಉಳಿದದ್ದು ನುಸುಳುತ್ತದೆ. ಅದಕ್ಕೆ ಭಾನುವಾರ ರಾತ್ರಿ ಏಳು ಪುಟ್ಟ ಡಬ್ಬಿಗಳಲ್ಲಿ ದಿನದ ಪಾಲು ತೂಗಿ ಇಡುವ ಪದ್ಧತಿ ಮಾಡಿದೆ. ಮೊದಲ ಎರಡು ವಾರ ಡಬ್ಬಿಗೆ 60 ಗ್ರಾಂ, ಆಮೇಲೆ 45, ಆಮೇಲೆ 30. ಚಾದ ಸಕ್ಕರೆ, ರಾತ್ರಿಯ ಬೆಲ್ಲ ಎಲ್ಲ ಅದರಿಂದಲೇ.

ಮೊದಲ ವಾರವೇ ಕೆಟ್ಟಿತು. ಏಳೂ ಡಬ್ಬಿ ಅಂಗಡಿಯ ರ‍್ಯಾಕಿನಲ್ಲೇ ಇಟ್ಟಿದ್ದೆ. ಬುಧವಾರ ಗುರುವಾರದ್ದನ್ನು ಸಾಲ ತೆಗೆದೆ, ಶುಕ್ರವಾರಕ್ಕೆ ಎಲ್ಲ ಖಾಲಿ. ಅಳತೆ ಸರಿ ಇತ್ತು, ಇಟ್ಟ ಜಾಗ ತಪ್ಪಿತ್ತು. ಎರಡನೇ ವಾರದಿಂದ ಆರು ಡಬ್ಬಿ ಮನೆಯಲ್ಲಿ, ನನ್ನ ಹೆಂಡತಿಯ ಕಪಾಟಿನಲ್ಲಿ. ಬೆಳಿಗ್ಗೆ ಒಂದೇ ಒಂದು ನನ್ನ ಊಟದ ಚೀಲಕ್ಕೆ ಬರುತ್ತದೆ. ಬೆಲ್ಲದ ಅಚ್ಚನ್ನು ಇಡಿಯಾಗಿ ಇಟ್ಟರೆ ಮುರಿಯುವ ಕೈಗೆ ಅಂದಾಜು ಸಿಗುವುದಿಲ್ಲ, ಅಡಕೊತ್ತಿನಲ್ಲಿ 8 ಗ್ರಾಂ ತುಂಡು ಮಾಡಿ ಇಟ್ಟೆವು. ಸಾರಿಗೆ, ಪಲ್ಯಕ್ಕೆ ಬೀಳುವ ಚೂರು ಬೆಲ್ಲವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮನೆಯವರೆಲ್ಲ ಉಣ್ಣುವ ಸಾರಿನ ರುಚಿಗೆ ನನ್ನ ತಕ್ಕಡಿ ಅಡ್ಡ ಬರಬಾರದು.

ಸಂಜೆ ನಾಲ್ಕರ ಹಸಿವು

ಬಿಸ್ಕತ್ತಿನ ಲೆಕ್ಕ 8 ಗ್ರಾಂ ಮಾತ್ರ, ಆದರೆ ಬಿಡಲು ಅತಿ ಹೆಚ್ಚು ಒದ್ದಾಡಿದ್ದು ಅದಕ್ಕೇ. ಪುಸ್ತಕದಲ್ಲಿ ನಾಲ್ಕು ಮನೆ ಗೆರೆ ಎಳೆದಿದ್ದೆ: ಹೊತ್ತು, ಏನು ತಿನ್ನಬೇಕೆನಿಸಿತು, ತಿಂದೆನೋ ಬಿಟ್ಟೆನೋ, ಅದಕ್ಕೂ ಮುಂಚೆ ಏನಾಗಿತ್ತು. ಎರಡು ವಾರದಲ್ಲಿ 41 ಸಲ ಸಿಹಿಯ ಆಸೆ ಬಂದದ್ದು ಬರೆದಿದ್ದೇನೆ. ಅದರಲ್ಲಿ 26 ಮೂರೂವರೆಯಿಂದ ಐದರೊಳಗೆ. ಉಳಿದದ್ದರಲ್ಲಿ ಹೆಚ್ಚಿನವು ರಾತ್ರಿ ಊಟ ಮುಗಿದ ಕೂಡಲೇ. ಬೆಳಿಗ್ಗೆ ಒಂದೂ ಇಲ್ಲ. ಮನಸ್ಸು ದುರ್ಬಲ ಎಂದರೆ ಬೆಳಿಗ್ಗೆಯೂ ದುರ್ಬಲವಾಗಿರಬೇಕಲ್ಲ? ಗಡಿಯಾರ ನೋಡಿಕೊಂಡು ಬರುವ ದೋಷಕ್ಕೆ ಕಾರಣ ಬೇರೆಲ್ಲೋ ಇರುತ್ತದೆ. ರಾತ್ರಿ ಮಾತ್ರ ಟ್ರಿಪ್ ಆಗುವ ಮೋಟಾರ್ ಬಂದರೆ ನಾನು ಮೊದಲು ವೋಲ್ಟೇಜು ಕೇಳುತ್ತೇನೆ, ವೈಂಡಿಂಗ್ ಬಿಚ್ಚುವುದಿಲ್ಲ.

ನಾಲ್ಕನೇ ಮನೆ ಓದಿದಾಗ ಎರಡು ಕಾರಣ ಸಿಕ್ಕವು. ಒಂದು ಮಧ್ಯಾಹ್ನದ ಬುತ್ತಿ. ಭತ್ತದ ಊರು ನಮ್ಮದು, ಬುತ್ತಿಯಲ್ಲಿ ಸೋನಾ ಮಸೂರಿ ಅನ್ನ ಒತ್ತಿ ತುಂಬಿ, ಮೇಲೆ ತಿಳಿಸಾರು. ಪಲ್ಯ ಒಂದು ಹಿಡಿ. ಅಂಥ ಊಟ ಬೇಗ ಏರಿ ಬೇಗ ಇಳಿಯುತ್ತದೆ, ಮೂರು ತಾಸಿಗೆ ಹೊಟ್ಟೆ ಮತ್ತೆ ಕೇಳುತ್ತದೆ. ಅನ್ನ ಬಿಡಲಿಲ್ಲ, ಅರ್ಧಕ್ಕೆ ಇಳಿಸಿದೆ. ಎರಡು ಜೋಳದ ರೊಟ್ಟಿ, ಮಡಿಕೆಕಾಳು ಇಲ್ಲವೆ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ ಇದ್ದ ದಿನ ಪುಂಡಿಪಲ್ಯ, ಗುರೆಳ್ಳು ಚಟ್ನಿ, ಒಂದು ಬಟ್ಟಲು ಗಟ್ಟಿ ಮೊಸರು. ಕಾಳು ಮೊಸರಿನ ಪ್ರೋಟೀನು, ರೊಟ್ಟಿಯ ನಾರು ಹೊಟ್ಟೆಯಲ್ಲಿ ತಡೆದು ನಿಲ್ಲುತ್ತವೆ. ಒಂದೇ ವಾರದಲ್ಲಿ ನಾಲ್ಕು ಗಂಟೆಯ ಆಸೆ ಅರ್ಧಕ್ಕರ್ಧ ಇಳಿಯಿತು. ಇಷ್ಟು ಬೇಗ ಫಲ ಕೊಟ್ಟ ಬದಲಾವಣೆ ಈ ಐದು ತಿಂಗಳಲ್ಲಿ ಇನ್ನೊಂದಿಲ್ಲ.

ಇನ್ನೊಂದು ನಿದ್ದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಮೋಟಾರ್ ಸುಡುವುದೂ ರಾತ್ರಿಯೇ. ಬೆಳಗಿನ ಜಾವ ನಾಲ್ಕೂವರೆಗೆ ಫೋನು ಬರುತ್ತದೆ. ಐದು ತಾಸು ಮಲಗಿದ ದಿನ ಪುಸ್ತಕದಲ್ಲಿ ನಾಲ್ಕೈದು ಗೆರೆ, ಏಳು ತಾಸು ಮಲಗಿದ ದಿನ ಒಂದೋ ಎರಡೋ. ನಿದ್ದೆ ಕೆಟ್ಟರೆ ಹಸಿವು ಹುಟ್ಟಿಸುವ ಹಾರ್ಮೋನು ಏರುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಈಗ ರಾತ್ರಿ ಹತ್ತಕ್ಕೆ ಫೋನು ಹುಡುಗನ ಹತ್ತಿರ ಇರುತ್ತದೆ. ಕೆಲವು ಗಿರಾಕಿಗಳು ಬೇಸರ ಮಾಡಿಕೊಂಡರು. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿ ಅದನ್ನು ಸರಿಗಟ್ಟುತ್ತಿದ್ದೇನೆ.

ಇಷ್ಟಾದರೂ ಬರುವ ಆಸೆಗೆ ಫೋನಿನಲ್ಲಿ 15 ನಿಮಿಷದ ಟೈಮರ್ ಇಟ್ಟೆ. ಟೈಮರ್ ಬಡಿದ ಮೇಲೂ ಬೇಕೆನಿಸಿದರೆ ತಿನ್ನಬಹುದು ಎಂದು ನನಗೆ ನಾನೇ ಮಾತು ಕೊಟ್ಟಿದ್ದೆ, ಅದನ್ನು ಮುರಿಯಲಿಲ್ಲ. ಇಪ್ಪತ್ತು ಸಲದಲ್ಲಿ ಹದಿಮೂರು ಸಲ ಟೈಮರ್ ಬಡಿಯುವಷ್ಟರಲ್ಲಿ ಮರೆತಿದ್ದೆ. ಆ ಹೊತ್ತಿಗೆ ಕೈಗೆ ಕೆಲಸ ಬೇಕು: ಸ್ಲಾಟ್ ಪೇಪರ್ ಕತ್ತರಿಸುವುದೋ, ವಾರ್ನಿಷ್ ಹಚ್ಚುವುದೋ. ಸುಮ್ಮನೆ ಕೂತು ಕಾಯ್ದರೆ 15 ನಿಮಿಷ ಒಂದು ತಾಸಾಗುತ್ತದೆ. ಡ್ರಾಯರಿನಲ್ಲಿ ಬಿಸ್ಕತ್ತು ಇದ್ದ ಜಾಗಕ್ಕೆ ಪುಟಾಣಿ, ಹುರಿದ ಶೇಂಗಾ, ಒಂದು ಪೇರಲ ಹಣ್ಣು ಬಂದವು.

ಮಿರ್ಚಿಯ ತಪ್ಪು

ತೂಕ ಡಿಸೆಂಬರ್ 2ಕ್ಕೆ 84.6, ಡಿಸೆಂಬರ್ 30ಕ್ಕೆ 83.9. ಜನವರಿ 20ಕ್ಕೆ 84.0. ಮೂರು ವಾರ ಮಿಸುಕಲಿಲ್ಲ, ಮೇಲಿಂದ ನೂರು ಗ್ರಾಂ ಏರಿತ್ತು. ಸಕ್ಕರೆ ಡಬ್ಬಿ ಸರಿಯಾಗಿ 30ರಲ್ಲಿತ್ತು. ಬಹಳ ನಿರಾಶೆಯಾಯಿತು.

ಹೆಂಡತಿ ಒಂದೇ ಮಾತಿನಲ್ಲಿ ದೋಷ ಹಿಡಿದಳು. "ಸಿಹಿ ಬರೀತೀರಿ, ಖಾರ ಯಾಕ ಬರಿಯಂಗಿಲ್ರೀ?" ಬಿಸ್ಕತ್ತು ಬಿಟ್ಟ ಸಮಾಧಾನಕ್ಕೆ ವಾರದಲ್ಲಿ ನಾಲ್ಕು ಸಂಜೆ ಒಗ್ಗರಣೆ-ಮಿರ್ಚಿ (ಒಗ್ಗರಣೆ ಹಾಕಿದ ಮಂಡಕ್ಕಿ, ಜತೆಗೆ ಮೆಣಸಿನಕಾಯಿ ಬಜ್ಜಿ) ತಿನ್ನುತ್ತಿದ್ದೆ. ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅದು ತಿಂಡಿಯೂ ಹೌದು, ಸಂಜೆಯ ಹರಟೆಯೂ ಹೌದು. ಸಕ್ಕರೆ ಗ್ರಾಂಗೆ 4 ಕ್ಯಾಲೊರಿಯಾದರೆ ಎಣ್ಣೆ 9. ಮೂರು ಮಿರ್ಚಿಯಲ್ಲಿ 20 ಗ್ರಾಂ ಎಣ್ಣೆ ಎಂದು ಹಿಡಿದರೂ 180, ಕಡಲೆಹಿಟ್ಟು ಬೇರೆ, ಮಂಡಕ್ಕಿ ಬೇರೆ. ಚಾದಲ್ಲಿ ಉಳಿಸಿದ್ದನ್ನು ಬಾಣಲೆಗೆ ಕೊಟ್ಟಿದ್ದೆ. ಶನಿವಾರ ಒಂದು ಸಂಜೆ, ಎರಡು ಮಿರ್ಚಿ ಎಂದು ಕಟ್ಟು ಹಾಕಿದೆ. ಫೆಬ್ರವರಿ 24ಕ್ಕೆ 81.8 ಬಂತು.

ಭಾನುವಾರ ನಸುಕಿನಲ್ಲಿ ಅಂಜನಾದ್ರಿ ಹತ್ತುವುದು ಶುರುವಾದದ್ದೂ ಆಗಲೇ. 575 ಮೆಟ್ಟಿಲು. ಮೊದಲ ದಿನ ಆರು ಕಡೆ ಕೂತೆ. ಈಗ ಒಂದೇ ಕಡೆ, ಅದೂ ಕೆಳಗೆ ಹೊಳೆ, ಬಾಳೆತೋಟ ಕಾಣುವ ತಿರುವಿನಲ್ಲಿ, ನೋಡಲಿಕ್ಕೆಂದೇ.

ಉಂಡೆ: ಮೂರು ಸಲ ಕಟ್ಟಿದ್ದು

ರಾತ್ರಿ ಊಟದ ಮೇಲೆ ಬಾಯಿಗೆ ಒಂದು ಮುಗಿತಾಯ ಬೇಕು ಎಂಬುದು ನನಗೆ ಬಿಡಲಾಗದ ಮಾತು. ಅದಕ್ಕೆ ಅವ್ವನ ಶೇಂಗಾ ಉಂಡೆಯನ್ನೇ ಹಿಡಿದೆ. ಅವ್ವನ ಲೆಕ್ಕ 100 ಗ್ರಾಂ ಶೇಂಗಾಕ್ಕೆ 80 ಗ್ರಾಂ ಬೆಲ್ಲ. ನಾನು ಒಮ್ಮೆಗೇ 25ಕ್ಕೆ ಇಳಿಸಿದೆ, ಉಂಡೆ ನಿಲ್ಲದೆ ಪುಡಿಪುಡಿಯಾಯಿತು. ಬೆಲ್ಲ ಸಿಹಿಯಷ್ಟೇ ಅಲ್ಲ, ಅಂಟೂ ಹೌದು. ಎರಡನೇ ಸಲ ಹಾಲು ಚಿಮುಕಿಸಿ ಕಟ್ಟಿದೆ, ಎರಡು ದಿನಕ್ಕೆ ಮುಗ್ಗಲು ವಾಸನೆ ಬಂತು.

ಅವ್ವ ಬಂದು ನಿಂತು ನೋಡಿದರು. "ಶೇಂಗಾದಾಗ ಎಣ್ಣಿ ಐತಲ್ಲೋ ಮಗನ, ಅದನ್ನ ಬಿಡಿಸು." ಅರ್ಧ ಶೇಂಗಾವನ್ನು ತರಿ, ಇನ್ನರ್ಧವನ್ನು ಎಣ್ಣೆ ಬಿಟ್ಟು ಮುದ್ದೆಯಾಗುವವರೆಗೆ ಕುಟ್ಟಿದೆವು. 25 ಗ್ರಾಂ ಹೆರೆದ ಬೆಲ್ಲ, 20 ಗ್ರಾಂ ಹುರಿದ ಎಳ್ಳು, 25 ಗ್ರಾಂ ಸಣ್ಣಗೆ ಹೆಚ್ಚಿದ ಖರ್ಜೂರ, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಉಪ್ಪನ್ನು ಮರೆಯಬೇಡಿ, ಅಷ್ಟರಿಂದಲೇ ಇದ್ದ ಸಿಹಿ ಎದ್ದು ಕಾಣುತ್ತದೆ. ಬಿಸಿ ಇರುವಾಗಲೇ ಅಂಗೈಯಲ್ಲಿ ಬಿಗಿಯಾಗಿ ಒತ್ತಿದರೆ 20 ಗ್ರಾಂನ ಎಂಟು ಉಂಡೆ ಆಗುತ್ತವೆ, ಚೂರು ಪುಡಿ ಉಳಿಯುತ್ತದೆ. ಒಂದರಲ್ಲಿ ಬೆಲ್ಲ 3 ಗ್ರಾಂ. ಖರ್ಜೂರದಲ್ಲೂ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವುದರಿಂದ ಅದನ್ನು ಕೈಬಿಚ್ಚಿ ಹಾಕಬಾರದು. ಶೇಂಗಾ ಎಣ್ಣೆಕಾಳು, ಹಾಗಾಗಿ ಒಂದು ಉಂಡೆಗೆ ಸುಮಾರು 100 ಕ್ಯಾಲೊರಿ. ರಾತ್ರಿ ಒಂದು, ಅಗಿದು ಅಗಿದು. 22 ಗ್ರಾಂ ಬೆಲ್ಲ ಹೋದ ಜಾಗಕ್ಕೆ ಅದು ಕೂತಿತು.

ಹಬ್ಬ, ಜಾತ್ರೆ

ಎಳ್ಳ ಅಮಾವಾಸ್ಯೆಗೆ ಅಕ್ಕನ ಹೊಲಕ್ಕೆ ಹೋದೆವು. ಚರಗ ಚೆಲ್ಲಿ, ಹೊಲದಲ್ಲೇ ಕೂತು ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ ಉಂಡೆವು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಮಹಾದಾಸೋಹದಲ್ಲಿ ಊರೂರಿನಿಂದ ಬಂದ ರೊಟ್ಟಿಯ ರಾಶಿ, ಮಾದಲಿ, ಮೇಲೆ ಹಾಲು. ಪಂಕ್ತಿಯಲ್ಲಿ ಕೂತಾಗ ತಕ್ಕಡಿ ನೆನಪಿಗೂ ಬರಲಿಲ್ಲ, ಬರಲೂಬಾರದು. ಪ್ರಸಾದ ಲೆಕ್ಕಕ್ಕೆ ಮೀರಿದ್ದು. ಐದು ತಿಂಗಳಲ್ಲಿ ಇಂಥ ದಿನ ಬಂದದ್ದು ಏಳು. ಆ ದಿನ ಡಬ್ಬಿ ತೆರೆಯುವುದಿಲ್ಲ, ಬರೆಯುವುದಿಲ್ಲ, ಸಂತೋಷವಾಗಿ ಉಣ್ಣುತ್ತೇನೆ. ಒಂದೇ ಕಟ್ಟು: ಉಳಿದದ್ದು ಮನೆಗೆ ಬರಬಾರದು. ಹಬ್ಬದ ದಿನ ತಿಂದ ಹೋಳಿಗೆಯಿಂದ ನನ್ನ ತೂಕ ಏರಿದ್ದಿಲ್ಲ, ಆಮೇಲಿನ ನಾಲ್ಕು ದಿನ ಡಬ್ಬಿ ತೆರೆತೆರೆದು ತಿಂದದ್ದರಿಂದ ಏರುತ್ತಿತ್ತು.

ಅಪ್ಪನ ಸಂಜೆ

ಇದನ್ನು ಬರೆಯಲೇಬೇಕು. ಫೆಬ್ರವರಿಯಲ್ಲಿ ನನ್ನ ತೂಕ ಇಳಿದದ್ದು ನೋಡಿ ಅಪ್ಪ ನಮಗೆ ಹೇಳದೆ ತಾವೂ ಊಟ ಕಡಿಮೆ ಮಾಡಿದ್ದರು. ಇನ್ಸುಲಿನ್ ಮಾತ್ರ ಮೊದಲಿನಷ್ಟೇ ಚುಚ್ಚಿಕೊಳ್ಳುತ್ತಿದ್ದರು. ಒಂದು ಸಂಜೆ ಆರಕ್ಕೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಗ್ಲುಕೋಮೀಟರಿನಲ್ಲಿ 58. 70ಕ್ಕಿಂತ ಕೆಳಗೆ ಹೋದರೆ ಅಪಾಯ. ಅಪ್ಪನಿಗೆ ನುಂಗಲು ಆಗುತ್ತಿತ್ತು, ಪ್ರಜ್ಞೆ ಇತ್ತು, ಅದೇ ಪುಣ್ಯ. ನನ್ನ ಆ ದಿನದ ಡಬ್ಬಿಯಿಂದ 15 ಗ್ರಾಂ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿದೆ. 15 ನಿಮಿಷ ಬಿಟ್ಟು ನೋಡಿದರೆ 81. ಆಮೇಲೆ ರೊಟ್ಟಿ, ಹಾಲು. ಮರುದಿನ ಡಾಕ್ಟರು ಡೋಸ್ ಇಳಿಸಿದರು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ನನ್ನ ಹಾಗೆ ಇಳಿಸಲು ಹೋಗಬಾರದು. ಅಪ್ಪನ ಅಂಗಿ ಜೇಬಿನಲ್ಲಿ ಈಗ ಯಾವಾಗಲೂ 15 ಗ್ರಾಂನ ಒಂದು ಪೊಟ್ಟಣ ಇರುತ್ತದೆ, ಭಾನುವಾರ ಏಳು ಡಬ್ಬಿಯ ಜತೆ ಅದನ್ನೂ ನಾನೇ ತೂಗುತ್ತೇನೆ.

ಏಪ್ರಿಲ್ 7, ಸೋಮವಾರ

ತೂಕ 80.1. ಸೊಂಟ 97. ಎಚ್‌ಬಿಎ1ಸಿ 5.8. ಸಕ್ಕರೆ ದಿನಕ್ಕೆ ಸರಾಸರಿ 28 ಗ್ರಾಂ. ಹೊಸ್ತಿಲಿನಿಂದ ಪೂರ್ತಿ ಈಚೆಗೆ ಬಂದಿಲ್ಲ. ಸೊಂಟ ಇನ್ನೂ ಏಳು ಸೆಂಟಿಮೀಟರ್ ಇಳಿಯಬೇಕು. ರಾತ್ರಿ ಹನ್ನೊಂದರವರೆಗೆ ಕೆಲಸ ಬಿದ್ದ ದಿನ ಸಿಹಿಯ ಆಸೆ ಹಳೆಯ ಜೋರಿನಲ್ಲೇ ಬರುತ್ತದೆ, ಅದಕ್ಕೆ ಮದ್ದು ಸಿಕ್ಕಿಲ್ಲ.

ಅವತ್ತು ಮಧ್ಯಾಹ್ನ ಕಾರಟಗಿ ಕಡೆಯ ಒಬ್ಬ ಹಿರಿಯರು ಏಳೂವರೆ ಎಚ್‌ಪಿ ಮೋಟಾರ್ ತಂದರು. ಚಾ ಹೇಳಲು ಬಾಯಿ ತೆರೆದವರು ಫ್ಲಾಸ್ಕ್ ನೋಡಿ, "ನಿಮ್ಮದ್ರಾಗಿಂದ ನನಗೂ ಒಂದು ಗ್ಲಾಸ್ ಹಾಕ್ರಿ. ನನಗೂ ಸಕ್ರಿ ಐತಿ, ನಾಳಿಂದ ಎಲ್ಲಾ ಬಿಟ್ಟುಬಿಡ್ತೀನಿ" ಅಂದರು. ಮಾತ್ರೆ ಎಷ್ಟು ಎಂದು ಕೇಳಿದೆ. ದಿನಕ್ಕೆ ಎರಡು. ಅಪ್ಪನ ಸಂಜೆಯ ಕಥೆ ಪೂರ್ತಿ ಹೇಳಿದೆ. "ಎಲ್ಲಾ ಬಿಡಬ್ಯಾಡ್ರಿ ಕಾಕಾ. ಮೊದಲು ಡಾಕ್ಟರಿಗೆ ತೋರಿಸ್ರಿ. ಒಂದು ವಾರ ಸುಮ್ಮನ ಬರೀರಿ. ಇವತ್ತಿಗೆ ಇಷ್ಟು ಸಾಕು" ಎಂದು ಮುಚ್ಚಳದಲ್ಲಿ 4 ಗ್ರಾಂ ಅಳೆದು ಅವರ ಗ್ಲಾಸಿಗೆ ಹಾಕಿ ಕಲಸಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, "ಏಲಕ್ಕಿ ಹಾಕೀರೇನು?" ಅಂದರು.

ನನ್ನ ಹತ್ತಿರ ಇದ್ದ ಹಳೆ ಮುಚ್ಚಳವನ್ನು ಕಾಗದದಲ್ಲಿ ಸುತ್ತಿ ಕೊಟ್ಟು ಕಳಿಸಿದೆ. ಮೋಟಾರ್ ಗುರುವಾರಕ್ಕೆ ಕೊಡಬೇಕು.